ಷರಾ

ಸ್ಟಾಕ್ ಬುಕ್ಕು, ಪುಟ ನಲವತ್ತೊಂದು.
ಸೈಡ್ ಡ್ರಮ್ಮು, ಎನ್‌ಸಿಸಿ ಬ್ಯಾಂಡಿಂದು: ಒಂದು.
ಕೋಲು: ಎರಡು ಜೋಡಿ.
ಇಪ್ಪತ್ತೆಂಟು ವರ್ಷ ನನ್ನದ ಕೈಬರಹ,
ಮಸಿ ಮಾತ್ರ ಬದಲಾಗೇತಿ.

ಮೌನೇಶ ಅಂತ ಹೆಸರು ಅವಂದು.
ಗುಳೇದಗುಡ್ಡದಿಂದ ಮೊದಲ ಬಸ್ಸಿಗೆ ಬಂದು
ವಿದ್ಯಾಗಿರಿ ಏರು ಹತ್ತಿ
ಕ್ಲಾಸಿಗೆ ಹೋಗೂದು ಬಿಟ್ಟು
ನನ್ನ ಸ್ಟೋರಿನ ಜಾಳಗಿ ಮುಂದ ನಿಂತ.
‘ಕಾಕಾ, ಆ ಖೋಲಿ ಚಾವಿ ಕೊಡ್ರಿ, ಬರೇ ಹತ್ತು ಮಿನಿಟು.’
ಹತ್ತು ಮಿನಿಟು ನಾಕು ವರ್ಷ ಆತು.

ಅಪ್ಪ ಕುಣಿಮಗ್ಗದಾಗ ಖಣ ನೇಯಾಂವ.
ಕೈಯಾಗ ಲಾಳಿ, ಕಾಲಾಗ ಕಾಲ್ಮಣಿ,
ಎಡಕ್ಕೊಂದು ಲೆಕ್ಕ, ಬಲಕ್ಕ ಇನ್ನೊಂದು,
ನಡುವ ಬಾಯಾಗ ಎಲಿ ಅಡಿಕಿ.
‘ನನಗ ಯಾರೂ ಕಲಿಸಿಲ್ಲ ಕಾಕಾ,
ಕುಣಿಯಾಗ ಅಪ್ಪನ ಕಾಲು ನೋಡಿ ಬೆಳದೆ’ ಅಂದ.
ಹಂಗಾರ ಕಾಲೇಜು ಏನು ಕೊಡ್ತು ಅಂತೀರಿ?

ಒಂದು ಖೋಲಿ ಕೊಡ್ತು. ಕಿಟಕಿ ಇಲ್ಲ.
ಮುರದ ಬೆಂಚು, ಯಾವುದೋ ಚುನಾವಣಿ ಪೆಟಿಗಿ, ಬಾವಲಿ ವಾಸನಿ.
ಯಾರೂ ಬಂದು ಬೈಯದಂಥ ಸಪ್ಪಳಕ್ಕ
ನಾಕು ಗ್ವಾಡಿ.

ವೆಲ್ಡಿಂಗ್ ಸೆಕ್ಷನ್ನಿನ ಹಾಳ್ ಕಬ್ಬಿಣದಾಗ
ಪೆಡಲ್ ಮಾಡಿದ, ಅಪ್ಪನ ಮಗ್ಗದ ಅಳತಿಗೆ.
ತಗಡು ಬಡದು ಬಡದು ತಾಳ ಮಾಡಿದ.
ಹುಣಶೀಕಟ್ಟಿ ಸರ್ ಅದನ್ನ ಬೆರಳಿಲೆ ತಟ್ಟಿ,
ಕಿವಿ ಹಚ್ಚಿ, ಅದರ ದನಿ ಸಾಯೂತನಕ ಕೇಳಿ
‘ಜಾಬ್: ಇಪ್ಪತ್ತೈದಕ್ಕ ಹದಿನೆಂಟು’ ಅಂತ ಬರದ್ರು.
ಏಳು ಯಾಕ ಕಳದ್ರಿ ಸರ್?
‘ಅಂಚು ಸಾಫ್ ಇಲ್ಲ.’

ಹಾಜರಿ ಕಮ್ಮಿ ಇದ್ದವರ ಯಾದಿಯೊಳಗ
ಯಾವಾಗಲೂ ಅವಂದ ಮೊದಲ ಹೆಸರು.

ಗ್ಯಾದರಿಂಗಿನ ರಾತ್ರಿ. ‘ರಾಕ್’ ಅಂತ ಬ್ಯಾನರು.
ರಾಕ್ ಅಂದ್ರ ಕಲ್ಲಂತ. ನಮ್ಮ ಜಿಲ್ಲಾಕ್ಕ
ಕಲ್ಲಿನ ಬರ ಯಾವಾಗಿತ್ತು?
ಇಳಕಲ್ಲಿನ ಸುಗಲಾ ಹಾಡಾಕ ನಿಂತ್ಲು,
ಮುಳುಗಿದ ಹಳೇ ಬಾಗಲಕೋಟಿಯ ಓಣಿಗಳ ಹೆಸರು,
ಒಂದೊಂದ, ಒಂದೊಂದ, ಚೀರಿ.
ಮುಂದಿನ ಸಾಲಿನ ದೊಡ್ಡವರು ಕಿವಿ ಮುಚ್ಚಿದ್ರು.
ನಾನು ಹಿಂದ, ಕುಡಿಯೂ ನೀರಿನ ಪಿಪಾಯಿ ಹತ್ರ.
ನಮ್ಮ ಓಣಿ ಹೆಸರು ಬಂತು.
ಮೌನೇಶ ಅಲ್ಲಿ ಒಂದು ಏಟು ಬಿಟ್ಟ.
ಹೊಡೀಲಿಲ್ಲ. ಬಿಟ್ಟ.
ನೀರು ಹೊಕ್ಕ ಮನಿಯೊಳಗ
ಹಂಗ ಇರತಿತ್ತು.

ಆಮ್ಯಾಲ ‘ನೋ ಡ್ಯೂ’ ಫಾರ್ಮು ಹಿಡಕೊಂಡು ಬಂದ.
ಕೋಲು ಒಂದು ಜೋಡಿ ಕಮ್ಮಿ.
ಅವ ನನ್ನ ಮಾರಿ ನೋಡ್ಲಿಲ್ಲ,
ನಾನು ಅವನ ಚೀಲ ನೋಡ್ಲಿಲ್ಲ.
ಸಹಿ ಮಾಡ್ದೆ.

ಈಗ ನಾನು ಚಾರ್ಜ್ ಕೊಡೂ ವ್ಯಾಳೇ.
ಪುಣೇದಾಗ ಅದಾನಂತ, ಗುವಾಹಾಟಿತನಕ ಹೋಗಿ ಬಾರಿಸ್ಯಾನಂತ.
ಮೊಮ್ಮಗಳು ಫೋನಿನ್ಯಾಗ ತೋರಿಸಿದ್ಲು:
ಹೊಗಿ, ಕೆಂಪು ಬೆಳಕು, ಮಾರಿ ಕಾಣ್ಲಿಲ್ಲ.
ಕಾಲು ಕಂಡ್ವು.

ಆಡಿಟರ್ ಹುಡುಗ ಕೇಳಿದ: ಇನ್ನೊಂದು ಜೋಡಿ ಎಲ್ಲಿ?
ಷರಾ ಕಾಲಮ್ಮಿನ್ಯಾಗ ಬರದೆ:
ಬಳಕೆಯಲ್ಲಿದೆ.
ಅವ ಒಪ್ಪಲಿಲ್ಲ.
ಇನ್ನೂರಾ ಹತ್ತು ರೂಪಾಯಿ ಕಟ್ಟಿ
ರಸೀದಿ ಕಿಸೆಯಾಗ ಇಟಗೊಂಡು
ಗುಡ್ಡ ಇಳದೆ.