ಮೇಜಿನ ಎತ್ತರ

ಮಾತೊಸಿನ್ಯುಶ್‌ನ ಮೀನು ಕಾರ್ಖಾನೆಯಲ್ಲಿ
ಈ ಮೇಜಿನ ಅಳತೆ ಕೊಟ್ಟವನು ಯಾರೋ,
ಸಾರ್ಡೀನಿನ ಒಂದು ತಲೆಯನ್ನೂ ಕತ್ತರಿಸಿದವನಲ್ಲ.

ದೆಯೊಲಿಂಡ ಗಿಡ್ಡಿ. ವೈನಿನ ಮರದ ಪೆಟ್ಟಿಗೆ
ಬೋರಲು ಹಾಕಿ ಅದರ ಮೇಲೆ ನಿಲ್ಲುತ್ತಾಳೆ.
ನಾನು ಉದ್ದ. ಬಗ್ಗಿ ಬಗ್ಗಿ
ಕತ್ತು ಕೊಕ್ಕೆಯಾಗಿತ್ತು,
ರಾತ್ರಿ ಬಾಚಣಿಗೆ ಎತ್ತಲೂ ತೋಳು ಒಲ್ಲೆನ್ನುತ್ತಿತ್ತು.

"ಮೀನೇ ನಿನ್ನ ಮೊಣಕೈ ಮಟ್ಟಕ್ಕೆ ಬರಲಿ,
ನೀನ್ಯಾಕೆ ಮೀನಿಗೆ ಅಡ್ಡಬೀಳುತ್ತೀ?"
ಎನ್ನುತ್ತ ನನ್ನ ಮೇಜಿನ ಕಾಲಡಿ
ಎರಡೆರಡು ಇಟ್ಟಿಗೆ ತುರುಕಿದಳು.

ಮೇಸ್ತ್ರಿ ಬೈದ. ಅವಳು ಚಾಕು ಮಸೆಯುತ್ತ ನಿಂತಳು:
ಮೊಂಡಾದದ್ದು ಕೈಯನ್ನೇ ತಿನ್ನುತ್ತದಂತೆ.

ಗಂಟೆಗೊಮ್ಮೆ, ಕಡಲ ಕಡೆಯ ಕಿಟಕಿಗೆ ಮುಖಮಾಡಿ
ಇಬ್ಬರೂ ಭುಜ ತಿರುಗಿಸುತ್ತೇವೆ.
ಅವಳ ಬಲಭುಜ ಅರ್ಧಕ್ಕೇ ನಿಲ್ಲುತ್ತದೆ.

ಇಪ್ಪತ್ತೊಂದು ವರ್ಷ ತಡವಾಗಿ
ಸಿಕ್ಕಿತಂತೆ ಆ ಪೆಟ್ಟಿಗೆ.