ಹನ್ನೊಂದನೇ ಮೊಳೆ

ಜಬೀವುಲ್ಲಾ ಸಾಬರ ಅಂಗಡಿಯಲ್ಲಿ ಮೊಳೆಗೊಂದು ಮನೆ.
ಹನ್ನೊಂದು ರವೀಂದ್ರನಗರದ ಮಹಡಿ,
ಹದಿನಾಲ್ಕು ಸಾಲಗಾಮೆ ರಸ್ತೆಯ ಔಟ್‌ಹೌಸು.
ಬೆಳಿಗ್ಗೆ ಹೇಮಗಂಗೋತ್ರಿಯಲ್ಲಿ ಎಂ.ಎ. ಇತಿಹಾಸ, ಕೊನೇ ಬೆಂಚು;
ಮೂರರ ಮೇಲೆ ನಾನು ಮನೆ ತೋರಿಸುವವಳು.

ಸೇರಿದಾಗಿಂದ ಕ್ಲಾಸಿನಲ್ಲಿ ಬಾಯಿ ಬಿಟ್ಟಿಲ್ಲ.
ಖಾಲಿ ಮನೆಯಲ್ಲಿ ಮಾತ್ರ ನಿಲ್ಲದ ಮಾತು:
ಸಂಪು ದೊಡ್ಡದು, ನೀರು ದಿನ ಬಿಟ್ಟು ದಿನ,
ಈ ಬಾಗಿಲನ್ನು ಸ್ವಲ್ಪ ಎತ್ತಿ ತಳ್ಳಬೇಕು.

ಸಾಬರು ಕಲಿಸಿದ್ದು ಗೋಡೆ ಓದುವುದನ್ನ.
ಬೆಳ್ಳಗುಳಿದ ಚೌಕ: ಕ್ಯಾಲೆಂಡರ್ ಇತ್ತು.
ಬಾಗಿಲ ಪಟ್ಟಿಗೆ ಪೆನ್ಸಿಲ್ ಗೆರೆ, ಮೂರು;
ಮಗು ನಾಲ್ಕನೆಯದಕ್ಕೆ ಬೇರೆ ಮನೆಯಲ್ಲಿ ನಿಂತಿರಬೇಕು.
ಸುಣ್ಣ ಹೊಡೆದರೂ ಒಳಗಿಂದು ಸುಮ್ಮನಿರಲ್ಲಮ್ಮ, ಅನ್ನುತ್ತಾರೆ.

ಹೊನ್ನೂರಸ್ವಾಮಿ ಸರ್ ಹನ್ನೊಂದನ್ನು ನೋಡಲು ಬಂದ ದಿನ
ಓನರಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆಳೆದರು:
'ಯಾವ ಪೈಕಿ, ಕೇಳು.'
ಸರ್ ಕಿಟಕಿಯಾಚೆ ಟ್ಯಾಂಕು ನೋಡುತ್ತಿದ್ದರು.
ತುಂಬ ಹೊತ್ತು ನೋಡಿದರು.
'ಮೇಷ್ಟ್ರ ಪೈಕಿ' ಅಂದೆ.
ಮನೆ ಸಿಗಲಿಲ್ಲ. ಸಾಬರು ಬೈಯಲೂ ಇಲ್ಲ;
ಹೊಸಲೈನ್ ರಸ್ತೆಯದೊಂದು ಕೀ ತೆಗೆದು ಕೈಗಿಟ್ಟರು.

ಇವತ್ತು ತರಗತಿಯಲ್ಲಿ ಶಾಸನದ ಪಡಿಯಚ್ಚು.
'ಐದನೇ ಸಾಲಿನ ಈ ಬೋಳು ಜಾಗ, ಏನು?'
ಕಲ್ಲು ಸವೆದಿದೆ ಸರ್, ಅಂತು ಮುಂದಿನ ಬೆಂಚು.
ನಾನು ಎದ್ದದ್ದು ನನಗೇ ಗೊತ್ತಾಗಲಿಲ್ಲ.
ಬ್ಯಾಗಿನಲ್ಲಿ ಕೀಗೊಂಚಲು ಗಲಗಲ.
'ಸವೆದಿಲ್ಲ ಸರ್. ಅಂಚು ನೇರ ಇದೆ.
ಯಾರದೋ ಹೆಸರಿತ್ತು. ತೆಗೆಸಿದ್ದಾರೆ.'

ಸರ್ ಸೀಮೆಸುಣ್ಣ ಕೆಳಗಿಟ್ಟರು.
'ಮುಂದೆ ಬಂದು ಕೂತ್ಕೊಳಮ್ಮ.'

ಮುಂದಿನ ಬೆಂಚಿಗೂ ಹಳೇ ಬಾಡಿಗೆದಾರರು:
ಕೈವಾರದ ಮೊನೆಯಲ್ಲಿ ಕೊರೆದದ್ದು,
ನೇತ್ರಾ, ೨೦೦೯.
ಅದು ಮುಚ್ಚದ ಹಾಗೆ
ನೋಟ್‌ಬುಕ್ ಬಿಚ್ಚಿದೆ.