ತೀನ್ ಕಂದೀಲ್

ಮೂವತ್ತೊಂದು ವರ್ಷ ಕೂತಿದ್ದೇನೆ
ತೀನ್ ಕಂದೀಲಿನ ಬದಿಗೆ, ತಗಡಿನ ಪೆಟ್ಟಿಗೆ ಮುಂದಿಟ್ಟುಕೊಂಡು.
ಅರ, ಚಿಮಟ, ಒಂದು ಸಣ್ಣ ವೈಸು,
ತಂತಿಗೆ ಪೋಣಿಸಿದ ಹಲ್ಲಿಲ್ಲದ ಕೀಲಿಕೈಗಳು.
ಗಾಳಿ ಬಂದರೆ ಅವು ಮಾತಾಡುತ್ತವೆ.
ರಾಯಚೂರಿನಲ್ಲಿ ಗಾಳಿ ಬರುವುದು ಅಪರೂಪ.

ಈಗ ಮನೆಯಲ್ಲೂ ಮೂರು ಕಂದೀಲು.
ಜುಲೇಖಾಳ ಮೇಜಿನ ಮೇಲೆ ಬಿಳಿ ಡಬ್ಬಿ,
ಎರಡು ಕೊಂಬು, ಮೂರು ಹಸಿರು ಹನಿ.
ಕೇಬಲ್ಲಿನ ಮೌನೇಶ ಕಿಟಕಿಯ ಚೌಕಟ್ಟು ಕೊರೆದು
ಕೂದಲೆಳೆಯಂಥ ಗಾಜಿನ ದಾರ ಒಳಗೆ ಬಿಟ್ಟು ಹೋದ:
"ಚಾಚಾ, ಇಪ್ಪತ್ನಾಕು ತಾಸು ಚಾಲೂ. ಬಂದ್ ಮಾಡೋದೇ ಬ್ಯಾಡ."

ಬಂದ್ ಮಾಡೋದೇ ಬೇಡ ಎಂಬ ಮಾತು
ಕೀಲಿಯವನ ಕಿವಿಗೆ ಹಿತವಲ್ಲ.

ಮೊದಲು ಸ್ಟೇಷನ್ ರೋಡಿನ ಅಂಗಡಿಯಲ್ಲಿ
ಫೋನಿನ ತಂತಿ ಕಿರುಚಿ, ಕೆಮ್ಮಿ, ಒಂದು ಬಾಗಿಲು ತೆರೆಯುತ್ತಿತ್ತು;
ಕೆಲಸ ಮುಗಿದರೆ ಮುಚ್ಚುತ್ತಿತ್ತು.
ನಿಮಿಷಕ್ಕೆ ಇಷ್ಟು ಎಂದು ಲೆಕ್ಕ.
ದುಡ್ಡಿನ ಭಯಕ್ಕಾದರೂ ಕದ ಹಾಕುತ್ತಿದ್ದರು.
ಈಗ ಅಗ್ಗ. ಅಗ್ಗವಾದದ್ದಕ್ಕೆ ಅಗಳಿ ಇಲ್ಲ.

ಮೇ ತಿಂಗಳು. ಎಲ್ಲರೂ ಮಾಳಿಗೆಯ ಮೇಲೆ ಮಲಗಿದ ರಾತ್ರಿ
ನೀರಿಗೆಂದು ಕೆಳಗಿಳಿದರೆ ಡಬ್ಬಿ ಮಿಣಮಿಣ.
ಕಂಪ್ಯೂಟರ್ ಆರಿದೆ. ಯಾರೂ ಏನೂ ಕೇಳಿಲ್ಲ.
ಈ ಹೊತ್ತಿನಲ್ಲಿ ಯಾರೊಡನೆ ಇದರ ಪಿಸುಮಾತು?

ಬೆಳಿಗ್ಗೆ ಮಗಳು ಚಹಾ ಆರಿಸುತ್ತ ಹೇಳಿದಳು:
"ಯಾರೋ ಬಂದು ಚಿಲಕ ಮುಟ್ಟಿ ನೋಡ್ತಿರ್ತಾರ, ಅಬ್ಬಾಜಿ.
ಮನುಷ್ಯಾ ಅಲ್ಲ, ಒಂದು ಪ್ರೋಗ್ರಾಂ.
ಓಣಿ ಓಣಿ, ಮನಿ ನಂಬರ್ ಹಿಡಿದು ಹೊಂಟಿರ್ತದ.
ನಮ್ ಮ್ಯಾಲ ಸಿಟ್ಟಿಲ್ಲ ಅದಕ್ಕ. ಹೆಸರೂ ಗೊತ್ತಿಲ್ಲ.
ತೆರೆದಿದ್ರ ಒಳಗ, ಇಲ್ಲಂದ್ರ ಮುಂದಿನ ಮನಿ."

ನಮ್ಮಲ್ಲೇನಿದೆ ಕದಿಯಲು, ಎಂದೆ.
ಒಂದು ಕೂಲರ್, ನಿನ್ನ ಅಮ್ಮಿಯ ಹೊಲಿಗೆ ಮಷೀನು.

ಅವಳು ಪರದೆ ತಿರುಗಿಸಿದಳು.
ಪಿಂಚಣಿಗೆ ಅರ್ಜಿ ಕೊಟ್ಟ ತಿಮ್ಮಕ್ಕನ ಆಧಾರ್,
ಹತ್ತಿ ಮಿಲ್ಲಿನ ಹಮಾಲಿ ಜಿಂದಪ್ಪನ ಪಾಸ್‌ಬುಕ್ಕು,
ಸ್ಕಾಲರ್‌ಶಿಪ್ಪಿನ ಹುಡುಗಿಯರ ಫೋಟೊ, ಮಾರ್ಕ್ಸ್ ಕಾರ್ಡು, ಮೊಬೈಲ್ ನಂಬರು,
ಓಣಿಯ ಅರವತ್ತು ಮನೆಗಳ ಕಾಗದ
ನನ್ನ ಮನೆಯ ಮೂಲೆಯಲ್ಲಿ.

ಗಿರಾಕಿಯ ಕೀಲಿಕೈಗೆ ನಕಲು ತೆಗೆದು ಇಟ್ಟುಕೊಂಡವನಲ್ಲ ನಾನು.
ಒಮ್ಮೆ ಒಬ್ಬ ಕೆಂಪು ಸೋಪಿನ ತುಂಡು ತಂದಿದ್ದ,
ಅದರಲ್ಲಿ ಯಾರದೋ ಚಾವಿಯ ಅಚ್ಚು.
ಐನೂರು ಕೊಡುತ್ತೇನೆ ಎಂದ.
ಅದೇ ಸೋಪಿನಲ್ಲಿ ಕೈ ತೊಳೆದು
ಅವನಿಗೇ ವಾಪಸು ಕೊಟ್ಟೆ.

ಈ ಡಬ್ಬಿಯ ಕೀಲಿಕೈ ಯಾವುದು?
ಬುಡಕ್ಕಂಟಿಸಿದ ಚೀಟಿ ತೋರಿಸಿದಳು.
ಹೆಸರು: ಅಡ್ಮಿನ್. ಪಾಸ್‌ವರ್ಡೂ ಅಡ್ಮಿನ್.
ಮೌನೇಶ ಹಾಕಿಕೊಟ್ಟ ಎಲ್ಲ ಮನೆಗಳಲ್ಲೂ ಅದೇ.
ನಗು ಬಂತು. ಆಮೇಲೆ ಬೆವರು.
ಡಜನ್ನಿನ ಲೆಕ್ಕದಲ್ಲಿ ಬರುವ ಬೀಗಗಳನ್ನು ನಾನು ಬಲ್ಲೆ,
ಒಂದರ ಕೈ ಹನ್ನೆರಡನ್ನೂ ತೆರೆಯುತ್ತದೆ.
ಕೊಂಡವನಿಗೆ ಗೊತ್ತಿಲ್ಲ. ಕಳ್ಳನಿಗೆ ಗೊತ್ತು.
ನನಗೂ.

"ಬದಲಿಸು, ಈಗಲೇ."
"ಏನಂತ ಇಡ್ಲಿ? ಅಮ್ಮಿ ಹೆಸರು?"
ಹೆಸರು ಓಣಿಗೆಲ್ಲ ಗೊತ್ತು. ಹುಟ್ಟಿದ ದಿನ ಕಂಡಕಂಡ ಕಾರ್ಡಿನಲ್ಲಿದೆ.
ಹಲ್ಲು ಹೆಚ್ಚಿದಷ್ಟೂ ಬೀಗ ಹಟಮಾರಿ, ಮಗಳೇ.
ಉದ್ದ ಇರಲಿ. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಮಾತುಗಳಿರಲಿ.
ನನಗೆ ಹೇಳಬೇಡ.
ಹೀಗೆಂದು ಗೋಡೆಯ ಕಡೆ ತಿರುಗಿ ನಿಂತೆ.
ಗುಂಡಿಗಳ ಸದ್ದು. ಎಷ್ಟೆಂದು ಎಣಿಸದೆ ಇರುವುದು
ಈ ಕಿವಿಗೆ ಬಹಳ ಕಷ್ಟವಾಯಿತು.

ಆಮೇಲೆ ಅಪ್‌ಡೇಟು. ಬೀಗದೊಳಗಿನ ತುಕ್ಕು ಕೆರೆದು
ಎಣ್ಣೆ ಬಿಟ್ಟ ಹಾಗಂತೆ.
"ಹತ್ತು ನಿಮಿಷ ಯಾರೂ ಪ್ಲಗ್ ಮುಟ್ಟಬ್ಯಾಡ್ರಿ."
ಮೂರೂ ಕಂದೀಲು ಆರಿದವು.
ಕೂಲರಿನ ನೀರು ತೊಟ್ಟಿಕ್ಕುವುದು ಕೇಳಿಸಿತು.
ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ,
ರಾಜ್ಯಕ್ಕೆಲ್ಲ ಕರೆಂಟು ಕೊಡುವ ಜಿಲ್ಲೆಯಲ್ಲಿ
ಹತ್ತು ನಿಮಿಷ ಕರೆಂಟು ಹೋಗದಿರಲಿ ಎಂದುಕೊಳ್ಳುತ್ತ.
ಒಂದು ಹತ್ತಿತು. ಎರಡು.
ಮೂರನೆಯದು ತುಂಬ ಹೊತ್ತು ಸತಾಯಿಸಿತು.

ಮೊನ್ನೆ ಮಧ್ಯಾಹ್ನ ಫೋನು.
"ಕಂಪನಿಯಿಂದ ಮಾತಾಡೋದು. ಇವತ್ತು ನಿಮ್ಮ ಲೈನ್ ಕಟ್ಟಾಗ್ತದೆ.
ಪಾಸ್‌ವರ್ಡ್ ಒಂದು ಹೇಳಿಬಿಡಿ ಸರ್, ಸರಿ ಮಾಡ್ತೀವಿ."
ದನಿ ನಯವಾಗಿತ್ತು, ಒದ್ದೆ ಸೋಪಿನ ಹಾಗೆ.
ನನಗೆ ಗೊತ್ತಿಲ್ಲ ಎಂದೆ.
ನಿಜವನ್ನೇ ಹೇಳಿದ್ದೆ.
ಆದರೂ ಎದ್ದು ಹೋಗಿ
ನಲ್ಲಿಯ ಕೆಳಗೆ ಕೈ ತೊಳೆದುಕೊಂಡೆ.